ಕಂಸದ ಮುಂದಿನ ಮೈನಸ್

ಸುಭಾಸ ಮಾಸ್ತರರ ವಿಷಯ ಸಮಾಜ ವಿಜ್ಞಾನ. ಯರಗುಪ್ಪಿ ದಾಟಿ ಎರೆಹೊಲಗಳ ನಡುವೆ ಇನ್ನೂ ಒಳಗೆ ಹೋದರೆ ಸಿಗುವ ಒಂದು ಊರಿನ ಹೈಸ್ಕೂಲಿನಲ್ಲಿ ಅವರು ಬಹಳ ವರ್ಷಗಳಿಂದ ಇತಿಹಾಸ, ಭೂಗೋಳ ಕಲಿಸಿಕೊಂಡು ಬಂದಿದ್ದರು. ಮಾತು ಚೆನ್ನಾಗಿತ್ತು, ಧ್ವನಿ ದೊಡ್ಡದಿತ್ತು. ಊರಿನಲ್ಲಿ ಯಾವ ಸಭೆ ನಡೆದರೂ ಮೈಕು ಅವರ ಕೈಗೇ ಹೋಗುತ್ತಿತ್ತು.

ಆ ವರ್ಷ ಜೂನ್ ತಿಂಗಳಲ್ಲಿ ಗಣಿತ ಕಲಿಸುತ್ತಿದ್ದ ಮುಮತಾಜ್ ಟೀಚರಿಗೆ ಬೇರೆ ತಾಲೂಕಿಗೆ ವರ್ಗವಾಯಿತು. ಬದಲಿಗೆ ಯಾರೂ ಬರಲಿಲ್ಲ. ಅತಿಥಿ ಶಿಕ್ಷಕನಾಗಿ ಬಂದ ಹುಡುಗ ದಿನಾ ಹುಬ್ಬಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರಲಾರದೆ ಬಿಟ್ಟುಹೋದ. ಹತ್ತನೇ ತರಗತಿಯ ಮಕ್ಕಳು ಗಣಿತದ ಪಿರಿಯಡ್ಡಿನಲ್ಲಿ ಬೇವಿನ ಗಿಡದ ಕೆಳಗೆ ಹರಟೆ ಹೊಡೆಯತೊಡಗಿದರು. ಶಾಲಾ ಸಮಿತಿಯ ಅಧ್ಯಕ್ಷ ಮಡಿವಾಳೆಪ್ಪ ಸಭೆ ಕರೆದ. ಅವನ ಮಗಳು ಐಶ್ವರ್ಯಳೂ ಅದೇ ತರಗತಿಯಲ್ಲಿದ್ದಳು.

"ಹತ್ತನೇತ್ತಾ ಐತ್ರಿ, ಹುಡುಗರ ಬಾಳು ಹಾಳಾಕೈತಿ. ಇದ್ದವರಾಗ ಯಾರರೆ ಒಬ್ಬರು ಹೇಳಿಕೊಡ್ರೆಪಾ" ಎಂದ ಅವನು.

ಉಳಿದ ಶಿಕ್ಷಕರು ತಲೆ ತಗ್ಗಿಸಿದರು. ಆ ಮೌನ ಸುಭಾಸ ಮಾಸ್ತರರಿಗೆ ಸಹಿಸಲಾಗಲಿಲ್ಲ. "ನಾ ಕಲಸ್ತೀನ್ರಿ. ಹತ್ತನೇತ್ತಾದಾಗ ಗಣಿತದಾಗ ನಾನ ಸಾಲಿಗೆ ಮೊದಲು ಬಂದಿದ್ದೆ" ಎಂದುಬಿಟ್ಟರು. ಅದು ನಿಜವೇ. ಆದರೆ ಅದಾದ ಮೇಲೆ ಅವರು ಗಣಿತದ ಪುಸ್ತಕ ಮುಟ್ಟಿರಲಿಲ್ಲ. ಮಡಿವಾಳೆಪ್ಪ ಎದ್ದು ಬಂದು ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡ. ಸಭೆ ಚಪ್ಪಾಳೆ ತಟ್ಟಿತು.

ಆಮೇಲೆ ಅವರು ಶ್ರಮಪಟ್ಟದ್ದೂ ಸುಳ್ಳಲ್ಲ. ದಿನಾ ಸಂಜೆ ಗೈಡು ತೆರೆದು ಕೂರುತ್ತಿದ್ದರು. ಫೋನಿನಲ್ಲಿ ಪಾಠದ ವೀಡಿಯೊ ನೋಡುತ್ತಿದ್ದರು. "ಪರೀಕ್ಷೆಗೆ ಹುಡುಗರು ಕುಂಡ್ರೂದೋ, ನೀವು ಕುಂಡ್ರೂದೋ?" ಎಂದು ಹೆಂಡತಿ ನೀಲಕ್ಕ ನಗುತ್ತಿದ್ದಳು. ಸುಲಭದ ಅಧ್ಯಾಯಗಳು ಸರಾಗ ಹೋದವು. ಚಹಾದ ಅಂಗಡಿಯಲ್ಲಿ ಜನ, "ನಮ್ಮ ಸರ ಈಗ ಗಣಿತಾನೂ ಕಲಸ್ತಾರ, ಒಂದ ಪಗಾರದಾಗ ಎರಡು ಕೆಲಸ" ಎಂದು ಹೊಗಳುವುದನ್ನು ಕೇಳಿ ಅವರ ಎದೆ ಉಬ್ಬುತ್ತಿತ್ತು. ಮಕ್ಕಳ ಬಾಯಲ್ಲಿ ಅವರು ಗಣಿತದ ಸರ ಆದರು.

ಸಮೀಕರಣಗಳ ಪಾಠ ಬಂದದ್ದು ಮಳೆಗಾಲದ ಕೊನೆಗೆ. ಎರಡು ಸಮೀಕರಣ ಕೊಟ್ಟಿರುತ್ತಾರೆ, ಒಂದರ ಬೆಲೆಯನ್ನು ಇನ್ನೊಂದರಲ್ಲಿ ಇಟ್ಟು ಬಿಡಿಸಬೇಕು. ಅವರು ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರು:

y = 2x − 3
5x − y = 18

"ಮೊದಲನೇದ್ರಾಗ ವಾಯ್ ಅಂದ್ರ ಏನು ಅಂತ ಅವರ ಹೇಳ್ಯಾರ. ಅದನ್ನ ಎತ್ತಿ ಎರಡನೇದ್ರಾಗ ವಾಯ್ ಇದ್ದಲ್ಲಿ ಇಡ್ರಿ. ಇಡೂ ಮುಂದ ಬ್ರಾಕೆಟ್ ಹಾಕ್ರಿ."

5x − (2x − 3) = 18

"ಈಗ ಬ್ರಾಕೆಟ್ ತಗೀರಿ."

5x − 2x − 3 = 18

"ಐದ್ರಾಗ ಎರಡು ಹೋತು, ಮೂರು ಎಕ್ಸ್. ಮೂರನ್ನ ಆ ಕಡೆ ಕಳಸ್ರಿ, ಪ್ಲಸ್ ಆಕೈತಿ. ಹದಿನೆಂಟು ಮೂರು ಇಪ್ಪತ್ತೊಂದು. ಎಕ್ಸ್ ಏಳು. ವಾಯ್ ಎಷ್ಟು? ಏಳೆರಡ್ಲೆ ಹದಿನಾಲ್ಕು, ಮೂರು ಕಳದ್ರ ಹನ್ನೊಂದು. ಈಗ ತಾಳೆ ನೋಡ್ರಿ, ಮೊದಲನೇದಕ್ಕ ಹಾಕ್ರಿ. ಹನ್ನೊಂದು ಬರೋಬ್ಬರಿ ಹದಿನಾಲ್ಕು ಮೈನಸ್ ಮೂರು. ಕೂಡಿತೋ ಇಲ್ಲೋ?"

"ಕೂಡಿತ್ರಿ" ಎಂದು ತರಗತಿ ಒಂದೇ ಸ್ವರದಲ್ಲಿ ಕೂಗಿತು.

ಕಿಟಕಿಯ ಬದಿಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಮಲ್ಲಿಕಾ. ಕೂಲಿಗೆ ಹೋಗುವ ಫಕೀರವ್ವನ ಮಗಳು. ತಂದೆ ಇರಲಿಲ್ಲ. ಹೆಚ್ಚು ಮಾತನಾಡುವವಳಲ್ಲ.

"ಸರ, ಬ್ರಾಕೆಟ್ ಮುಂದ ಮೈನಸ್ ಐತೆಲ್ರಿ. ಒಳಗಿನ ಮೈನಸ್ ಪ್ಲಸ್ ಆಗಬೇಕಲ್ರಿ? ಮುಮತಾಜ್ ಅಕ್ಕಾರು ಎಂಟನೇತ್ತಾದಾಗ ಹಂಗ ಹೇಳಿದ್ರಿ."

ಮಾಸ್ತರರು ಹಲಗೆಯತ್ತ ನೋಡಿದರು. ಹುಡುಗಿ ಹೇಳಿದ್ದು ಸರಿಯಿರಬಹುದು ಎನಿಸಿತು. ಆದರೆ ತರಗತಿಯ ಕಣ್ಣುಗಳೆಲ್ಲ ತಮ್ಮ ಮೇಲಿದ್ದವು.

"ಮೈನಸ್ಸಿಗೆ ಮೈನಸ್ ಪ್ಲಸ್ ಆಗೂದು ಗುಣಾಕಾರದಾಗ. ಇಲ್ಲಿ ಗುಣಾಕಾರ ಎಲ್ಲೈತಿ? ಬ್ರಾಕೆಟ್ ಮುಂದ ಏನರೆ ಅಂಕಿ ಐತೇನು? ತಾಳೆ ಆತೋ ಇಲ್ಲೋ ಕಣ್ಣ ಮುಂದ? ಮತ್ತ ಅಕ್ಕಾರ ಅಕ್ಕಾರ ಅಂತೀದಿ. ಅಕ್ಕಾರ ಬೇಕಂದ್ರ ಅವರ ಊರಿಗೆ ಹೋಗಿ ಕಲಕೋ ಹೋಗು."

ತರಗತಿ ಗೊಳ್ಳೆಂದು ನಕ್ಕಿತು. ಮಲ್ಲಿಕಾ ಕುಳಿತಳು. ಆ ಮೇಲೆ ಅವಳು ಅವರ ಪಾಠದಲ್ಲಿ ಎದ್ದು ನಿಲ್ಲಲಿಲ್ಲ.

ಆ ಸಂಜೆ ಮಾಸ್ತರರು ಎಂಟನೇ ತರಗತಿಯ ಪುಸ್ತಕ ತೆಗೆದು ಒಮ್ಮೆ ನೋಡಬೇಕೆಂದುಕೊಂಡರು. ನೋಡಲಿಲ್ಲ. ನೋಡಿದರೆ ಏನು ಕಾಣುತ್ತದೋ ಎಂಬ ಅಳುಕಿತ್ತು. ಮುಂದೆ ಒಂದು ದಿನ ಅಭ್ಯಾಸದ ಲೆಕ್ಕವೊಂದರ ಉತ್ತರ ಪುಸ್ತಕದ ಹಿಂದಿನ ಉತ್ತರಕ್ಕೆ ಹೊಂದಲಿಲ್ಲ. "ಪ್ರಿಂಟ್ ತಪ್ಪಾಗೇತಿ, ಬಿಡ್ರಿ" ಎಂದು ಮುಂದಿನ ಲೆಕ್ಕಕ್ಕೆ ಹೋದರು.

ಫೆಬ್ರುವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಒಂದು ಶಾಲೆಯ ಉತ್ತರಪತ್ರಿಕೆ ಇನ್ನೊಂದು ಶಾಲೆಯವರು ತಿದ್ದಬೇಕೆಂದು ಸುತ್ತಲಿನ ಗಣಿತ ಶಿಕ್ಷಕರನ್ನೆಲ್ಲ ಕುಂದಗೋಳಕ್ಕೆ ಕರೆಸಿದ್ದರು. ಸುಭಾಸ ಮಾಸ್ತರರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರು. ಗಣಿತದವರ ಸಾಲಿನಲ್ಲಿ ತಾವೂ ಕೂರುವುದು ಅವರಿಗೆ ಖುಷಿಯ ಸಂಗತಿಯಾಗಿತ್ತು. ಕೋಣೆಯ ಮುಖ್ಯಸ್ಥರು ಬಸಣ್ಣ ಮಾಸ್ತರರು. ನಿವೃತ್ತಿಗೆ ಹತ್ತಿರ ಬಂದವರು, ತಾಲೂಕಿನ ಅರ್ಧ ಜನಕ್ಕೆ ಗಣಿತ ಕಲಿಸಿದವರು.

ಸುಭಾಸ ಮಾಸ್ತರರು ತಮಗೆ ಬಂದ ಕಟ್ಟನ್ನು ಬಿಚ್ಚಿದರು. ಪ್ರಶ್ನೆಪತ್ರಿಕೆಯಲ್ಲಿ ಸಮೀಕರಣದ ಲೆಕ್ಕವೂ ಒಂದಿತ್ತು:

y = 3x − 4
5x − y = 12

ಮೊದಲ ಹುಡುಗ x = 4, y = 8 ಎಂದು ಬರೆದಿದ್ದ. ಅವರು ಕೆಂಪು ಗೀಟು ಎಳೆದರು. ಎರಡನೆಯವಳದೂ ಹಾಗೇ. ಅದಕ್ಕೂ ಗೀಟು. ಮೂರನೆಯದೂ ಅದೇ ಬಂದಾಗ ಉತ್ತರಸೂಚಿ ತೆರೆದು ನೋಡಿದರು. ಅಲ್ಲಿಯೂ ನಾಲ್ಕು, ಎಂಟು ಎಂದೇ ಇತ್ತು. ಸೂಚಿ ತಪ್ಪಿರಬೇಕು ಎಂದುಕೊಂಡು ಒಂದು ರದ್ದಿ ಹಾಳೆಯಲ್ಲಿ ತಾವೇ ಬಿಡಿಸಿದರು. ಎಕ್ಸ್ ಎಂಟು, ವಾಯ್ ಇಪ್ಪತ್ತು ಬಂತು. ಮೊದಲನೆಯದಕ್ಕೆ ಹಾಕಿದರು. ಇಪ್ಪತ್ತುನಾಲ್ಕರಲ್ಲಿ ನಾಲ್ಕು ಹೋದರೆ ಇಪ್ಪತ್ತು. ಕೂಡಿತು. ಆ ಹೊತ್ತಿಗೆ ಏನನ್ನಿಸಿತೋ, ಎರಡನೆಯದಕ್ಕೂ ಹಾಕಿ ನೋಡಿದರು. ಐದೆಂಟಲೆ ನಲವತ್ತು. ಅದರಲ್ಲಿ ಇಪ್ಪತ್ತು ಹೋದರೆ ಇಪ್ಪತ್ತು. ಹನ್ನೆರಡು ಬರಬೇಕಿತ್ತು.

ಅವರ ಪೆನ್ನು ನಿಂತಿತು. ಮೊದಲನೆಯ ಸಮೀಕರಣದಿಂದಲೇ ವಾಯ್ ತೆಗೆದದ್ದು. ಅದು ಅದಕ್ಕೆ ಕೂಡದೆ ಇನ್ನೇನು? ಎಕ್ಸ್ ಏನೇ ಬಂದಿದ್ದರೂ ಅದು ಕೂಡಿಯೇ ಕೂಡುತ್ತಿತ್ತು. ಇಡೀ ವರ್ಷ ಅವರು ನಿಜವಾಗಿ ತಾಳೆ ನೋಡಿರಲೇ ಇಲ್ಲ. ಎಳೆದ ಎರಡು ಕೆಂಪು ಗೀಟುಗಳನ್ನು ಯಾರಿಗೂ ಕಾಣದಂತೆ ಅಂಗೈ ಅಡ್ಡ ಇಟ್ಟು ಸರಿಪಡಿಸಿದರು.

ಆಗಲೇ ಪಕ್ಕದ ಮೇಜಿನಿಂದ ಬಸಣ್ಣ ಮಾಸ್ತರರ ಧ್ವನಿ ಎದ್ದಿತು.

"ಇಲ್ಲಿ ಬರ್ರಿ, ಮಜಾ ನೋಡಬರ್ರಿ. ಇಡೀ ಸಾಲಿ ಒಂದ ತಪ್ಪು ಮಾಡೇತಿ. ಎಲ್ಲಾರದೂ ಎಂಟು, ಇಪ್ಪತ್ತು. ಒಬ್ಬ ಬರದಾನ, ಉಳಿದವರು ಕಣ್ಣ ಮುಚ್ಚಿ ಇಳಿಸ್ಯಾರ."

ಯಾರೋ ಕಟ್ಟಿನ ಮೇಲಿನ ಸಂಖ್ಯೆಯನ್ನು ಪಟ್ಟಿಯಲ್ಲಿ ಹುಡುಕಿದರು. "ಸುಭಾಸ ಸರ, ನಿಮ್ಮ ಸಾಲಿದ್ರಿ ಇದು."

ಅವರು ಎದ್ದು ಹೋಗಲೇಬೇಕಾಯಿತು. ಬಸಣ್ಣ ಮಾಸ್ತರರು ಒಂದು ಉತ್ತರಪತ್ರಿಕೆ ತಿರುವಿ ಮುಂದೆ ಹಿಡಿದರು. ದುಂಡನೆಯ ಅಕ್ಷರ. ಅದು ಮಲ್ಲಿಕಾಳದೆಂದು ಹೆಸರು ನೋಡದೆ ಗೊತ್ತಾಯಿತು. ಮೊದಲು ಸರಿಯಾಗಿ ಬಿಡಿಸಿ ನಾಲ್ಕು, ಎಂಟು ಎಂದು ಬರೆದಿದ್ದಳು. ಅದರ ಮೇಲೆ ಸ್ಕೇಲ್ ಇಟ್ಟು ಒಂದು ಗೀಟು. ಕೆಳಗೆ ಮತ್ತೆ ಮೊದಲಿಂದ, ಎಂಟು, ಇಪ್ಪತ್ತು.

"ಈ ಹುಡುಗಿ ಬರೋಬ್ಬರಿ ಮಾಡಿ, ಅದನ್ನ ಹೊಡದ್ ಹಾಕಿ, ಎಲ್ಲಾರು ಬರದದ್ದನ್ನ ಬರದಾಳ. ನೋಡಿ ಬರದದ್ದಕ್ಕ ಇದಕಿಂತ ಸಾಕ್ಷಿ ಬೇಕೇನ್ರಿ? ಅಲ್ಲಂದ್ರ ನೀವ ಹಿಂಗ ಕಲಿಸಿರಬೇಕು" ಎಂದು ಬಸಣ್ಣ ಮಾಸ್ತರರು ನಕ್ಕರು. ಸುತ್ತಲಿದ್ದವರೂ ನಕ್ಕರು.

ಅದು ತಮಾಷೆಗೆ ಆಡಿದ ಮಾತು. ಆದರೂ ಅದೇ ಹೊತ್ತಿನಲ್ಲಿ ಹೌದ್ರಿ ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ರಿ, ಇಲ್ರಿ" ಎಂದರು ಸುಭಾಸ ಮಾಸ್ತರರು. "ಹುಡುಗರು, ಏನ್ ಮಾಡೂದ್ರಿ. ನಾ ವಿಚಾರಸ್ತೀನಿ."

ವಿಚಾರಿಸುವ ಕೆಲಸ ಅವರ ಕೈಯಲ್ಲಿ ಉಳಿಯಲಿಲ್ಲ. ಬಸಣ್ಣ ಮಾಸ್ತರರು ಕಟ್ಟುನಿಟ್ಟಿನ ಮನುಷ್ಯ. ಅಂದೇ ಮುಖ್ಯೋಪಾಧ್ಯಾಯಿನಿ ಮಹಾಲಕ್ಷ್ಮಿ ಮೇಡಂಗೆ ಫೋನು ಮಾಡಿದರು. ಪಬ್ಲಿಕ್ ಪರೀಕ್ಷೆಯಲ್ಲಿ ಹೀಗಾದರೆ ಶಾಲೆಯ ಹೆಸರು ಕೆಡುತ್ತದೆ, ಈಗಲೇ ನೋಡಿಕೊಳ್ಳಿ ಎಂದರು. ಮೇಡಂ ಮರುದಿನ ತರಗತಿಗೆ ಬಂದು ಗದರಿದರು. ಯಾರೂ ಒಪ್ಪಿಕೊಳ್ಳಲಿಲ್ಲ. ಎಲ್ಲರೂ ಒಂದೇ ತಪ್ಪು ಬರೆದಿದ್ದರು, ಎಲ್ಲರ ಮನೆಯವರನ್ನೂ ಕರೆಸುವುದಾಗುತ್ತದೆಯೇ? ಗೀಟು ಎಳೆದ ಪತ್ರಿಕೆ ಇದ್ದದ್ದು ಒಬ್ಬಳದೇ. ಮಲ್ಲಿಕಾಳಿಗೆ, "ನಾಳೆ ನಿಮ್ಮವ್ವನ್ನ ಕರಕೊಂಡು ಬಾ" ಎಂದರು.

ಫಕೀರವ್ವ ಹೊಲದಲ್ಲಿ ಗಿಡದಿಂದ ಮೆಣಸಿನಕಾಯಿ ಹರಿಯುವ ಕೆಲಸ ಬಿಟ್ಟು ಬಂದಳು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಆಫೀಸಿನ ಬಾಗಿಲಲ್ಲಿ ನಿಂತಳು. "ಒಳಗ ಬಾರವ್ವ, ಕುಂಡ್ರು" ಎಂದರೆ ಒಳಗೆ ಬಂದಳೇ ಹೊರತು ಕೂರಲಿಲ್ಲ. ಸುಭಾಸ ಮಾಸ್ತರರು ಬದಿಯ ಕುರ್ಚಿಯಲ್ಲಿದ್ದರು. ವಿಷಯ ಶಿಕ್ಷಕರು ಇರಲೇಬೇಕೆಂದು ಮೇಡಂ ಕರೆಸಿದ್ದರು.

"ಖರೆ ಹೇಳು ಮಲ್ಲಿಕಾ, ಯಾರದ ನೋಡಿ ಬರದಿ?"

"ಯಾರದೂ ನೋಡಿಲ್ರಿ."

"ಹಂಗಾರ ಸರಿ ಇದ್ದದ್ದನ್ನ ಯಾಕ ಹೊಡದ್ ಹಾಕಿದಿ?"

ಮಲ್ಲಿಕಾ ತಲೆಯೆತ್ತಿ ಸುಭಾಸ ಮಾಸ್ತರರನ್ನು ನೋಡಿದಳು. ಆ ನೋಟದಲ್ಲಿ ದೂರಿರಲಿಲ್ಲ. ಹೇಳಲೋ ಬೇಡವೋ ಎಂದು ಕೇಳುವಂತಿತ್ತು. ಮಾಸ್ತರರು ಗೋಡೆಯ ಮೇಲಿನ ಭಾರತದ ನಕ್ಷೆಯತ್ತ ಮುಖ ತಿರುಗಿಸಿದರು. ತಾವೇ ಅಲ್ಲಿ ತೂಗುಹಾಕಿದ ನಕ್ಷೆ. ಅದರಲ್ಲಿ ಹೊಸದಾಗಿ ಕಾಣುವಂಥದ್ದು ಏನೂ ಇರಲಿಲ್ಲ.

"ಹೇಳು. ಬಾಯಿ ಇಲ್ಲೇನ ನಿನಗ?"

"ತಪ್ಪಾತ್ರಿ" ಎಂದಳು ಮಲ್ಲಿಕಾ.

ಮುಂದಿನದು ಯಾರೂ ತಡೆಯುವುದರೊಳಗೆ ನಡೆಯಿತು. ಫಕೀರವ್ವನ ಕೈ ಮಗಳ ಕೆನ್ನೆಗೆ ಬಿತ್ತು. ಮೆಣಸಿನಕಾಯಿ ಹರಿದು ಹರಿದು ಕೆಂಪಾದ ಕೈ. ಮಲ್ಲಿಕಾಳ ಕಣ್ಣು ಉರಿಯತೊಡಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಇನ್ನೊಬ್ಬರದ ನೋಡಿ ಬರಿಯೂದಕ್ಕ ನಿನ್ನ ಸಾಲಿಗೆ ಕಳಸಿದ್ನೇನ? ನಾ ಎಲ್ಲಾರ ಮುಂದ ಹಿಂಗ ನಿಂದ್ರಬೇಕೇನ? ನಡಿ. ಸಾಲಿ ಸಾಕು ನಿನಗ. ಇವತ್ತಿಂದ ಕಾಯಿ ಹರಿಯಾಕ ಬಾ."

"ಏ ಫಕೀರವ್ವ, ಹಂಗ ಮಾಡಬ್ಯಾಡ, ತಡಿ" ಎಂದು ಮಹಾಲಕ್ಷ್ಮಿ ಮೇಡಂ ಎದ್ದರು. ಅಷ್ಟರಲ್ಲಿ ತಾಯಿ ಮಗಳ ತೋಳು ಹಿಡಿದು ಮೆಟ್ಟಿಲಿಳಿದಿದ್ದಳು. ಸುಭಾಸ ಮಾಸ್ತರರು ಕುರ್ಚಿಯಲ್ಲೇ ಇದ್ದರು. ಏಳಬೇಕೆಂದು ಕೈಯನ್ನು ಕುರ್ಚಿಯ ತೋಳಿಗೆ ಊರಿದ್ದರು. ಎದ್ದಿರಲಿಲ್ಲ.

ಬೆಲ್ ಹೊಡೆಯಿತು. ಹತ್ತನೇ ತರಗತಿಗೆ ಗಣಿತ. ಅವರು ಹೋಗಿ ಹಲಗೆ ಒರೆಸಿ ಅದೇ ಲೆಕ್ಕ ಬರೆದರು. ಇಟ್ಟರು, ಕಂಸ ಹಾಕಿದರು:

5x − (3x − 4) = 12

ಅಲ್ಲಿ ಕೈ ನಿಂತಿತು. ಸೀಮೆಸುಣ್ಣ ಹಲಗೆಗೆ ಮುಟ್ಟಿಯೇ ಇತ್ತು. ಕಿಟಕಿಯ ಬದಿಯ ಜಾಗ ಖಾಲಿಯಿತ್ತು.

ಅವರು ತಿರುಗಿ ಕೇಳಿದರು. "ನೀವೆಲ್ಲಾ ಇಲ್ಲಿ ಮೈನಸ್ ನಾಲ್ಕು ಹಂಗ ಇಳಿಸೀರಿ. ಹಂಗ ಮಾಡ್ರಿ ಅಂತ ಹೇಳಿದವರ್ಯಾರು?"

ಮುಂದಿನ ಬೆಂಚಿನಿಂದ ಐಶ್ವರ್ಯ ಹೇಳಿದಳು. "ನೀವ್ರಿ ಸರ."

ಅವಳ ಮಾತಿನಲ್ಲಿ ಸೊಕ್ಕಿರಲಿಲ್ಲ, ಕುಹಕವೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು. ಅವಳ ಪತ್ರಿಕೆಯಲ್ಲಿಯೂ ಎಂಟು, ಇಪ್ಪತ್ತು ಎಂದೇ ಇತ್ತು. ಅವಳ ಮನೆಯವರನ್ನು ಯಾರೂ ಕರೆಸಿರಲಿಲ್ಲ. ಅದು ಮಾಸ್ತರರಿಗೆ ಆಗಲೇ ಹೊಳೆದದ್ದು.

"ಹೌದು, ನಾನ" ಎಂದರು. "ನಾನ ತಪ್ಪು ಕಲಿಸೀನಿ. ನೀವ್ಯಾರೂ ಕಾಪಿ ಹೊಡದಿಲ್ಲ. ಕೇಳ್ರಿಲ್ಲೆ. ನಿಮ್ಮ ಮನ್ಯಾಗ ಒಂದು ಚೀಲ ಜ್ವಾಳ ಐತಿ. ಹತ್ತು ಸೇರು ಒಯ್ಯಾಕ ಬಂದಾವ, ನಾಲ್ಕು ಸೇರು ಕಮ್ಮಿ ಒಯ್ತೀನಿ ಅಂದ. ಆ ನಾಲ್ಕು ಸೇರು ಎಲ್ಲಿಗೆ ಹೋತು?"

"ಚೀಲದಾಗ ಉಳಿತ್ರಿ."

"ಉಳಿತು. ಕಳಿಯೂದ್ರಾಗ ಕಮ್ಮಿ ಮಾಡಿದ್ರ ಅದು ಕೂಡಿಸಿದಂಗ. ಬ್ರಾಕೆಟ್ ಮುಂದಿನ ಮೈನಸ್ ಒಳಗಿನ ಎಲ್ಲಾದಕ್ಕೂ ಹತ್ತತೈತಿ. ನಾ ಅದನ್ನ ಬರೇ ಮೊದಲನೇದಕ್ಕ ಹಚ್ಚಿದ್ದೆ."

5x − 3x + 4 = 12
2x = 8
x = 4

ವಾಯ್ ಎಂಟು ಎಂದು ಬರೆದು, ಎರಡೂ ಸಮೀಕರಣಕ್ಕೆ ಹಾಕಿ ತೋರಿಸಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು. ಹಿಂದಿನಿಂದ ಯಾರೋ ಮೆಲ್ಲಗೆ, "ಮಲ್ಲಿಕಾ ಅವತ್ತ ಇದನ್ನ ಕೇಳಿದ್ಲು" ಎಂದದ್ದು ಅವರಿಗೆ ಕೇಳಿಸಿತು.

ಪಿರಿಯಡ್ಡು ಮುಗಿದ ಕೂಡಲೇ ಅವರು ಮಹಾಲಕ್ಷ್ಮಿ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದರು. ಮೇಡಂ ಹಣೆ ಒತ್ತಿಕೊಂಡರು.

"ಮುಂಜಾನೆ ಇಲ್ಲೇ ಕುಂತಿದ್ರೆಲ್ರಿ ಸರ, ಆವಾಗ ಒಂದು ಮಾತು ಹೇಳಬಾರದಿತ್ತೇನ್ರಿ?" ಎಂದರು. ಆಮೇಲೆ ಧ್ವನಿ ತಗ್ಗಿಸಿದರು. "ಆದದ್ದಾತು. ಈಗ ಇದನ್ನ ಕುಂದಗೋಳಕ್ಕ ತಿಳಿಸಿದ್ರ ಇಡೀ ತಾಲೂಕು ಆಡಿಕೋತೈತಿ. ಈ ಪರೀಕ್ಷೆದ ಮಾರ್ಕ್ಸ್ ಎಲ್ಲಿ ಹಿಡೀತಾರ? ನಾ ನಾಳೆ ಆ ಹುಡುಗಿನ್ನ ಸಮಾಧಾನ ಮಾಡಿ ಕರಸ್ತೀನಿ. ಇಲ್ಲಿಗೆ ಬಿಟ್ಟಬಿಡ್ರಿ."

ಆ ಮಾತು ಕೇಳಿ ಸುಭಾಸ ಮಾಸ್ತರರ ಎದೆಯಿಂದ ಭಾರ ಇಳಿದಂತಾಯಿತು. ವರಾಂಡಕ್ಕೆ ಬಂದು ನಿಂತ ಮೇಲೆ, ಹಾಗೆ ಇಳಿದದ್ದಕ್ಕೇ ಅವರಿಗೆ ತಮ್ಮ ಬಗ್ಗೆ ಹೇಸಿಗೆ ಹುಟ್ಟಿತು. ಕುಂದಗೋಳದಲ್ಲಿ ಇಲ್ರಿ ಎಂದದ್ದು, ಮುಂಜಾನೆ ನಕ್ಷೆ ನೋಡುತ್ತ ಕೂತದ್ದು, ಈಗ ಈ ಸಮಾಧಾನ. ಜೇಬಿನಿಂದ ಫೋನು ತೆಗೆದು ಬಸಣ್ಣ ಮಾಸ್ತರರಿಗೆ ಹಚ್ಚಿದರು.

"ಹುಡುಗರು ಕಾಪಿ ಹೊಡದಿಲ್ರಿ. ನಾ ಹಂಗ ಕಲಿಸಿದ್ದೆ."

"ಅವತ್ತ ಕೇಳಿದ್ನೆಲ್ರಿ ನಾ. ನಗಚಾಟಕ್ಕ ಅಂದ್ರೂ ಕೇಳಿದ್ದೆ."

"ಕೇಳಿದ್ರಿ."

"ಇಲ್ಲ ಅಂದ್ರಿ."

"ಅಂದೆ."

ಬಸಣ್ಣ ಮಾಸ್ತರರು ಬೈಯಲಿಲ್ಲ. "ಆ ಗೀಟು ಹೊಡದ ಹುಡುಗಿ?" ಎಂದಷ್ಟೇ ಕೇಳಿದರು. ಆಫೀಸಿನಲ್ಲಿ ಆದದ್ದನ್ನು ಸುಭಾಸ ಮಾಸ್ತರರು ಹೇಳಿದರು. "ಮೊದಲ ಅಲ್ಲಿಗೆ ಹೋಗ್ರಿ. ನನಗ ಫೋನ್ ಮಾಡೂದು ಆಮ್ಯಾಲಿನ ಮಾತಾಗಿತ್ತು" ಎಂದು ಅವರು ಫೋನು ಇಟ್ಟರು.

ಫಕೀರವ್ವ ಕೂಲಿಗೆ ಹೋಗುತ್ತಿದ್ದ ಹೊಲ ಮಡಿವಾಳೆಪ್ಪನದೇ ಆಗಿತ್ತು. ಇಳಿಬಿಸಿಲಿನಲ್ಲಿ ಹೆಣ್ಣುಮಕ್ಕಳು ಸಾಲು ಹಿಡಿದು ಕಾಯಿ ಹರಿಯುತ್ತಿದ್ದರು. ಬದುವಿನ ಮೇಲೆ ಚೀಲಗಳ ಹತ್ತಿರ ಮಡಿವಾಳೆಪ್ಪ ಕೂತಿದ್ದ. "ಓಹೋ, ಗಣಿತದ ಸರ, ಹೊಲದ ಕಡೆ?" ಎಂದು ಎದ್ದ. ಮಾಸ್ತರರು ಅವನಿಗೆ ಕೈಮುಗಿದು, ನಿಲ್ಲದೆ ಸಾಲಿನೊಳಗೆ ನಡೆದರು. ಮಲ್ಲಿಕಾ ತಾಯಿಯ ಹಿಂದೆ ಉಡಿ ಕಟ್ಟಿಕೊಂಡು ಬಗ್ಗಿದ್ದಳು. ಒಂದು ಕೆನ್ನೆ ಇನ್ನೂ ಊದಿಕೊಂಡಿತ್ತು.

ಅವರಿಗೆ ಭಾಷಣದ ಮಾತು ಯಾವುದೂ ಒದಗಲಿಲ್ಲ. "ಮಲ್ಲಿಕಾ, ನೀ ಮೊದಲು ಮಾಡಿದ್ದ ಸರಿ ಇತ್ತು. ನಾ ಕಲಿಸಿದ್ದು ತಪ್ಪು. ನಾ ಹೇಳಿದ್ನಿ ಅಂತ ನೀ ಗೀಟು ಹೊಡದಿ. ನೀ ಯಾರದೂ ನೋಡಿ ಬರದಿಲ್ಲ" ಎಂದರು. ಮುಂದಿನದನ್ನು ತಾಯಿಗೆ ಹೇಳಬೇಕಾಗಿತ್ತು. "ಫಕೀರವ್ವ, ನನಗ ಇದು ಗೊತ್ತಿತ್ತು. ಕುಂದಗೋಳದಾಗ ಗೊತ್ತಾಗಿತ್ತು."

ಕೈಗಳೆಲ್ಲ ನಿಂತವು. ಫಕೀರವ್ವ ನೆಟ್ಟಗೆ ನಿಂತು ಅವರ ಮುಖ ನೋಡಿದಳು.

"ನಾ ಹೊಡಿಯೂ ಮುಂದ ನೀವು ಅಲ್ಲೇ ಕುಂತಿದ್ರೆಲ್ರಿ ಸರ."

ಊರಿನ ಕೂಲಿ ಹೆಂಗಸರನ್ನು ಅವರು ಯಾವತ್ತೂ ಏಕವಚನದಲ್ಲೇ ಮಾತನಾಡಿಸಿದವರು. ಆಗ ಬಾಯಿಂದ, "ಹೌದ್ರಿ" ಎಂದು ಬಂತು. "ಕುಂತಿದ್ದೆ."

"ನಿಮ್ಮ ಒಂದು ಮಾತಿಗೆ ನನ್ನ ಕೈ ನಿಂದ್ರತಿತ್ತು."

ತಪ್ಪಾಯಿತು ಎನ್ನಲು ಹೋದರು. ಮುಂಜಾನೆ ಆ ಮಾತನ್ನು ಮಲ್ಲಿಕಾ ಅವರ ಪರವಾಗಿ ಆಡಿದ್ದಳು. ಅದನ್ನು ಅರ್ಧಕ್ಕೇ ಬಿಟ್ಟರು. ಬದುವಿನಿಂದ ಮಡಿವಾಳೆಪ್ಪ, "ಸರ, ಇದನ್ನೆಲ್ಲಾ ಇಲ್ಲಿ ಆಳುಗಳ ಮುಂದ ಹೇಳಬೇಕಾಗಿತ್ತೇನ್ರಿ?" ಎಂದ. ಯಾರೂ ಅವನತ್ತ ತಿರುಗಲಿಲ್ಲ.

ಫಕೀರವ್ವ ಮಗಳ ಕಡೆ ಬಂದಳು. ಕೆನ್ನೆ ಮುಟ್ಟಲು ಕೈ ಎತ್ತಿದವಳು ಕೈಗೆ ಖಾರ ಇದ್ದದ್ದು ನೆನಪಾಗಿ ಹಿಂದೆ ತೆಗೆದಳು. ಮಗಳ ಉಡಿಯಲ್ಲಿದ್ದ ಕಾಯಿಯನ್ನೆಲ್ಲ ತನ್ನ ಉಡಿಗೆ ಸುರುವಿಕೊಂಡಳು. "ಮನಿಗೆ ನಡಿ. ಮಾರಿ ತೊಳಕೊಂಡು ಓದಾಕ ಕುಂಡ್ರು" ಎಂದು ಹೇಳಿ, ಮಾಸ್ತರರಿಗೆ ಬೆನ್ನು ಮಾಡಿ ಮತ್ತೆ ಸಾಲು ಹಿಡಿದಳು.

ಸುದ್ದಿ ಅಂದೇ ಊರೆಲ್ಲ ತಿರುಗಿತು. ಚಹಾದ ಅಂಗಡಿಯಲ್ಲಿ ಯಾರೋ, "ಸರ್ಗೆ ಒಂದು ಚಾ, ಸಕ್ಕರಿ ಮೈನಸ್" ಎಂದರು. ಸುಭಾಸ ಮಾಸ್ತರರು ಆ ಚಹಾವನ್ನು ಕುಡಿದೇ ಎದ್ದರು. ಮನೆಯಲ್ಲಿ ನೀಲಕ್ಕ ಊಟಕ್ಕೆ ಬಡಿಸುತ್ತ ಒಂದೇ ಮಾತು ಕೇಳಿದಳು, "ಆ ಹುಡುಗಿಗೆ ಭಾಳ ಪೆಟ್ಟಾಗಿತ್ತೇನ್ರಿ?"

ಪರೀಕ್ಷೆಯವರೆಗೆ ಪ್ರತಿ ಶನಿವಾರ ಮಧ್ಯಾಹ್ನ ಬಸಣ್ಣ ಮಾಸ್ತರರು ತಮ್ಮ ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಪಾಠ ಮಾಡಲು ಬಂದರು. ಒಂದೇ ಷರತ್ತು ಹಾಕಿದ್ದರು. "ನೀವೂ ಕುಂಡ್ರಬೇಕ್ರಿ, ಹುಡುಗರ ಜೋಡಿ." ಸುಭಾಸ ಮಾಸ್ತರರು ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತು ಬರೆದುಕೊಂಡರು. ಬಸಣ್ಣ ಮಾಸ್ತರರು ರಿಯಾಯಿತಿ ತೋರಿಸಲಿಲ್ಲ. ಮಕ್ಕಳನ್ನು ಎಬ್ಬಿಸಿದ ಹಾಗೆಯೇ ಅವರನ್ನೂ ಹಲಗೆಗೆ ಎಬ್ಬಿಸಿದರು. ಮೊದಲ ಸಲ ಎದ್ದು ಹೋದಾಗ ಅವರ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಭಿನ್ನರಾಶಿಯ ಸಮೀಕರಣವೊಂದರಲ್ಲಿ ಛೇದ ತೆಗೆಯುವಾಗ ತಪ್ಪಿದರು. ಅಳಿಸಿ ಮತ್ತೆ ಮಾಡಿದರು. ಹಿಂದೆ ಯಾರೋ ಕಿಸಕ್ಕೆಂದರು. ಅವರು ತಿರುಗಿ ನೋಡದೆ ಮುಂದಿನ ಸಾಲು ಬರೆದರು.

ಮಲ್ಲಿಕಾ ಶಾಲೆಗೆ ಬರುತ್ತಿದ್ದಳು. ಕಿಟಕಿಯ ಬದಿಯಲ್ಲೇ ಕೂರುತ್ತಿದ್ದಳು. ಬಸಣ್ಣ ಮಾಸ್ತರರನ್ನು ಬಾಯಿತುಂಬ ಪ್ರಶ್ನೆ ಕೇಳುತ್ತಿದ್ದಳು. ಸುಭಾಸ ಮಾಸ್ತರರು ಪಾಠ ಮಾಡುವಾಗ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಏನಾದರೂ ಸಂಶಯ ಇದೆಯೇ ಎಂದು ಅವರು ಅತ್ತ ನೋಡಿ ಕೇಳಿದರೆ, "ಇಲ್ರಿ ಸರ" ಎನ್ನುತ್ತಿದ್ದಳು. ಅವರು ಮತ್ತೆ ಒತ್ತಾಯಿಸುತ್ತಿರಲಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ತರಗತಿಯಲ್ಲಿ ಹೆಚ್ಚಿನವರು ಗಣಿತದಲ್ಲಿ ಪಾಸಾಗಿದ್ದರು, ಕೆಲವರು ಉಳಿದಿದ್ದರು. ಮಲ್ಲಿಕಾಳ ಅಂಕ ಎಲ್ಲರಿಗಿಂತ ಮೇಲಿತ್ತು. ಮಡಿವಾಳೆಪ್ಪ ಶಿಕ್ಷಕರಿಗೆ ಸನ್ಮಾನ ಇಟ್ಟುಕೊಳ್ಳೋಣ ಎಂದಾಗ ಸುಭಾಸ ಮಾಸ್ತರರು, "ಬಸಣ್ಣ ಸರನ್ನ ಕರೀರಿ, ನನ್ನ ಬ್ಯಾಡ" ಎಂದರು. ಅವನೂ ಎರಡನೆಯ ಸಲ ಕೇಳಲಿಲ್ಲ.

ಅಂಕಪಟ್ಟಿ ಒಯ್ಯಲು ಮಲ್ಲಿಕಾ ಒಬ್ಬಳೇ ಬಂದಳು. ಆಫೀಸಿನಲ್ಲಿ ಸುಭಾಸ ಮಾಸ್ತರರೇ ಇದ್ದರು. ಸಹಿ ಮಾಡಿಸಿಕೊಂಡು ಪಟ್ಟಿ ಕೊಟ್ಟರು. "ಅವ್ವ ಆರಾಮ ಅದಾಳೇನು?" ಎಂದು ಕೇಳಿದರು.

"ಆರಾಮ ಅದಾಳ್ರಿ."

ಅವಳು ಹೋಗದೆ ಬಾಗಿಲ ಹತ್ತಿರ ನಿಂತಳು. "ಸರ, ಅವ್ವ ನಿಮ್ಮನ್ನ ಕೇಳಕೊಂಡು ಬಾ ಅಂದಾಳ್ರಿ. ಸಾಯನ್ಸ್ ತಗೊಳ್ಳೋ, ಡಿಪ್ಲೊಮಾಕ್ಕ ಹೋಗೋ ಅಂತ."

ಫಕೀರವ್ವ ಕೇಳಿ ಕಳಿಸಿದ್ದಾಳೆ ಎಂಬುದು ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮುಖ ಎತ್ತಿ ಆ ಹುಡುಗಿಯನ್ನು ನೋಡಲಾಗಲಿಲ್ಲ. ಮೇಜಿನ ಮೇಲಿದ್ದ ಶಾಯಿಯ ಪ್ಯಾಡನ್ನು ಮುಚ್ಚಿ ಬದಿಗಿಟ್ಟರು. ಹಳೆಯ ಸುಭಾಸ ಮಾಸ್ತರರಾಗಿದ್ದರೆ ಇಷ್ಟು ಹೊತ್ತಿಗೆ ಅರ್ಧ ಭಾಷಣ ಮುಗಿಸಿರುತ್ತಿದ್ದರು.

"ನನಗ ಅಷ್ಟು ಬರೋಬ್ಬರಿ ಗೊತ್ತಿಲ್ಲವ್ವಾ" ಎಂದರು. "ಗೊತ್ತಿದ್ದವರನ್ನ ಕೇಳೂಣು. ಇಲ್ಲೇ ಕುಂಡ್ರು."

ಮಲ್ಲಿಕಾ ಎದುರಿನ ಕುರ್ಚಿಯ ತುದಿಯಲ್ಲಿ ಕೂತಳು. ಅವರು ಬಸಣ್ಣ ಮಾಸ್ತರರಿಗೆ ಫೋನು ಹಚ್ಚಿ, ಆ ಕಡೆಯ ಮಾತು ಅವಳಿಗೂ ಕೇಳಲೆಂದು ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟರು.